ಬಗ್ಗದ ಬಳೆಗಾರ

“ಗುರುಗಳೇ, ತಲೆಯ ಮುಂಭಾಗದ ಕೂದಲೆಲ್ಲ ಉದುರಿತು. ಬರುವ ತಿಂಗಳು ಹೆಣ್ಣು ನೋಡಲು ಹೋಗಬೇಕು. ಕೂದಲು ನೆಡಿಸಿಕೊಳ್ಳಲೇ, ಬೇಡವೇ?” ಎಂದು ನಿಂಗರಾಜ ಕೇಳಿದ. ಮಠದ ಜಗುಲಿಯಲ್ಲಿ ಅಷ್ಟು ಸೆಕೆಯಿದ್ದರೂ ಶಿಷ್ಯ ತಲೆಗೆ ಸುತ್ತಿದ ರುಮಾಲು ಬಿಚ್ಚಿರಲಿಲ್ಲ.

“ಇಷ್ಟು ವರ್ಷ ಓದಿಸಿದ್ದಕ್ಕೆ ಒಳ್ಳೆಯ ಪ್ರಶ್ನೆಯನ್ನೇ ಕೇಳಿದೆ, ಮಹರಾಯ. ಕೂತು ಕೇಳು” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಅವನ ಮಗನೂ ಬಳೆಗಾರ. ಬಳೆ ತೊಡಿಸುವವನು ಹೆಂಗಸರ ಕೈ ಹಿಡಿದು, ತಲೆ ಬಗ್ಗಿಸಿ, ಬೆರಳ ಗಂಟು ನೋಡುತ್ತಾ ಬಳೆ ಏರಿಸಬೇಕು. ಮಗನಿಗೆ ಹರೆಯದಲ್ಲೇ ನೆತ್ತಿ ಬೋಳಾಯಿತು. ಬಗ್ಗಿದಾಗ ಹುಡುಗಿಯರು ಕಿಸಕ್ಕೆಂದರು. ಅಂದಿನಿಂದ ಪುಣ್ಯಾತ್ಮ ಬಗ್ಗುವುದನ್ನೇ ಬಿಟ್ಟ.

ಕಂಡ ಕಂಡ ಎಣ್ಣೆ ಹಚ್ಚಿದ. ಈರುಳ್ಳಿ ರಸ ತಿಕ್ಕಿದ. ಮನೆಯವರು ಮೂಗು ಮುಚ್ಚಿಕೊಂಡರು, ಕೂದಲು ಮಾತ್ರ ಬರಲಿಲ್ಲ. ಕೊನೆಗೆ ಒಬ್ಬ ವೈದ್ಯನ ಬಳಿ ಹೋದ. ವೈದ್ಯ ಸುಳ್ಳುಗಾರನಲ್ಲ. ಹಿಂದಲೆಯ ಕೂದಲನ್ನು ತೆಗೆದು ಮುಂದೆ ನೆಡಬಲ್ಲೆ, ಹೊಸದನ್ನು ಹುಟ್ಟಿಸಲಾರೆ ಎಂದ. ನೆಟ್ಟ ಮೇಲೂ ಉಳಿದದ್ದು ಉದುರಬಹುದು, ಅವಸರವಿಲ್ಲ, ಯೋಚಿಸಿ ಬಾ ಎಂದ.

ಅಷ್ಟರಲ್ಲಿ ಒಂದು ಮದುವೆ ಮನೆಯಿಂದ ಕರೆ ಬಂತು. ಮದುಮಗಳಿಗೆ ಹಸಿರು ಬಳೆ ತೊಡಿಸಬೇಕು. ಇವನು ನೆಟ್ಟಗೆ ಕೂತು, ಕತ್ತು ಬಗ್ಗಿಸದೆ, ಅಂದಾಜಿನ ಮೇಲೆ ಒತ್ತಿದ. ಬಳೆ ಒಡೆದು ಹುಡುಗಿಯ ಕೈ ಕುಯ್ದಿತು. ಶುಭಕಾರ್ಯದಲ್ಲಿ ರಕ್ತ ಬಿತ್ತೆಂದು ಮನೆಯವರು ಅವನನ್ನು ಎಬ್ಬಿಸಿ ಕಳಿಸಿದರು. ಅವಳ ಅಳು ಕೇಳಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ನೇರವಾಗಿ ಕ್ಷೌರಿಕನ ಅಂಗಡಿಗೆ ಹೋಗಿ, ಎಲ್ಲವನ್ನೂ ಬೋಳಿಸು ಎಂದ. ಕ್ಷೌರಿಕ ಕತ್ತಿ ಕೆಳಗಿಟ್ಟ. ಹರಕೆಯಿಲ್ಲ, ಸಾವಿಲ್ಲ, ಅಪ್ಪ ಗಟ್ಟಿಯಾಗಿದ್ದಾನೆ. ಅಂಥವನ ತಲೆ ಬೋಳಿಸಿದರೆ ಊರು ನನ್ನನ್ನು ಸುಮ್ಮನೆ ಬಿಡುತ್ತದೆಯೇ ಎಂದ. ಸುದ್ದಿ ಅಪ್ಪನಿಗೆ ಮುಟ್ಟಿತು. ಮುದುಕ ಬಂದು, ಮಗನನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ತಾನು ಕೂತ. ಅವನಿಗೆ ಆ ವಯಸ್ಸಿನಲ್ಲೂ ತಲೆತುಂಬ ಕೂದಲು.

“ಮೊದಲು ನನ್ನದು ತೆಗೆ, ಆಮೇಲೆ ಅವನದು. ಊರಿಗೆ ನಾನು ಉತ್ತರ ಹೇಳುತ್ತೇನೆ” ಎಂದ.

ಅಪ್ಪ ಮಗ ಇಬ್ಬರೂ ಬೋಳುತಲೆಯಲ್ಲಿ ಪೇಟೆಬೀದಿಯ ನಡುವೆಯೇ ಮತ್ತೆ ಆ ಮದುವೆ ಮನೆಯತ್ತ ನಡೆದರು. “ಅಯ್ಯೋ, ಯಾರು ಹೋದರು?” ಎಂದು ಜನ ಅಡ್ಡ ಬಂದರು.

“ಯಾರೂ ಹೋಗಿಲ್ಲ. ನಾನಿದ್ದೇನೆ, ನನ್ನ ಮಗನಿದ್ದಾನೆ. ದಾರಿ ಬಿಡಿ” ಎಂದ ಮುದುಕ.

ಮದುವೆ ಮನೆಯ ಹಿರಿಯರು ಅವರನ್ನು ಬಾಗಿಲಲ್ಲೇ ತಡೆದರು. ಬೋಳುತಲೆಯವರು ಒಳಗೆ ಬರುವುದು ಬೇಡವೆಂದರು. ಮದುಮಗಳೇ ಹೊರಗೆ ಬಂದಳು. ಹೊಸಿಲ ಮೇಲೆ ಕೂತು, ಗಾಯವಾಗದ ಕೈಯನ್ನು ಚಾಚಿದಳು. ಮಗ ತಲೆ ಬಗ್ಗಿಸಿದ. ಊರೆಲ್ಲ ನೋಡುತ್ತಿರುವಾಗ ಪೂರ್ತಿ ಬಗ್ಗಿಸಿದ. ಒಂದು ಬಳೆಯೂ ಒಡೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿಂಗರಾಜನ ಕೈ ಅವನಿಗೇ ತಿಳಿಯದಂತೆ ರುಮಾಲನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಿತು.

“ಹಾಗಾದರೆ ವೈದ್ಯರ ಬಳಿ ಹೋಗಲೇಬಾರದೇ?” ಎಂದು ಅವನು ಕೇಳಿದ.

“ಧಾರಾಳವಾಗಿ ಹೋಗು, ಆದರೆ ಮೊದಲು ಆ ರುಮಾಲನ್ನು ಇಲ್ಲಿ ಬಿಚ್ಚಿಟ್ಟು, ನೀನು ನೋಡಬೇಕಾದ ಹುಡುಗಿಯ ಮನೆಗೆ ಹೋಗಿ ಬಾ.”