ಲಚ್ಚಲದೇವಿಯ ಗಂಟೆ

"ಮಹಾರಾಣಿ ಲಚ್ಚಲದೇವಿಯವರ ಅಪ್ಪಣೆ. ಅರಮನೆಯ ನೀರಿನ ಯಂತ್ರದ ಬಗ್ಗೆ ರಾಣಿಯವರು ಮೂರು ಪ್ರಶ್ನೆ ಕೇಳುತ್ತಾರೆ. ಮೂರಕ್ಕೂ ಸರಿಯುತ್ತರ ಹೇಳಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ಒಂದು ತಪ್ಪಿದರೂ ತಲೆದಂಡ." ಹೀಗೆಂದು ಊರೂರಲ್ಲಿ ಡಂಗುರ ಹೊಡೆಸಿ ಆರು ವರ್ಷವಾಗಿತ್ತು. ಕೋಟೆಯಾಚೆಯ ಸ್ಮಶಾನ ಬೆಳೆಯಿತೇ ಹೊರತು ಉತ್ತರ ಸಿಗಲಿಲ್ಲ.

ರಾಣಿಯ ಒಬ್ಬನೇ ಮಗ ಹನ್ನೆರಡು ವರ್ಷದ ಹಿಂದೆ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅವನನ್ನು ಹುಡುಕಲೆಂದೇ ಒಬ್ಬ ಮುದಿ ಶಿಲ್ಪಿ ಈ ಯಂತ್ರ ಕಟ್ಟಿಕೊಟ್ಟು ಸತ್ತಿದ್ದ. ನಾಡಿಗೆ ಬರುವ ಪ್ರತಿಯೊಬ್ಬ ಪರಸ್ಥಳದವನ ಚಹರೆಯನ್ನು ತೂತು ಕೊರೆದು ಗುರುತಿಸಿದ ತಾಮ್ರದ ತಗಡು ಯಂತ್ರದೊಳಗೆ ಹೋಗುತ್ತಿತ್ತು. ಚಹರೆ ರಾಜಕುಮಾರನದೇ ಆದರೆ ನೀರು ಹರಿದು ಗಂಟೆ ಹೊಡೆಯಬೇಕು. ಇದುವರೆಗೆ ಒಮ್ಮೆಯೂ ಹೊಡೆದಿರಲಿಲ್ಲ. ಯಂತ್ರ ಯೋಚನೆ ಮಾಡುತ್ತಿದೆ ಎಂದು ಜನ ಅದಕ್ಕೆ ಕೈಮುಗಿಯುತ್ತಿದ್ದರು. ಪಾಪ, ಜನಕ್ಕೆ ಕೈಮುಗಿಯಲು ಏನಾದರೊಂದು ಬೇಕು.

ಮಾಚ ಬಹುಮಾನಕ್ಕೆ ಬಂದವನಲ್ಲ. ಅವನು ನೀರುಗಂಟಿ, ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವವನು. ಅವನಣ್ಣ ಜಕ್ಕ ಉತ್ತರ ಹೇಳಿ ಬರುತ್ತೇನೆಂದು ಹೋಗಿ ತಿಂಗಳಾಗಿತ್ತು. ಅವ್ವ ದೇಕವ್ವ ದಿನಾ ಜಕ್ಕನ ತಟ್ಟೆಗೂ ಮುದ್ದೆ ಹಾಕಿ ಮುಚ್ಚಿಡುತ್ತಿದ್ದಳು. ನೋಡಿಕೊಂಡು ಬಾ ಎಂದು ಮಾಚನನ್ನು ಅವಳೇ ಕಳಿಸಿದ್ದಳು. ಕೋಟೆ ಬಾಗಿಲಲ್ಲಿ ಕಾವಲುಗಾರ ನೆಲ ನೋಡುತ್ತ ಜಕ್ಕನ ರುಮಾಲು ತಂದುಕೊಟ್ಟ. ಎರಡು ಪ್ರಶ್ನೆ ದಾಟಿ ಮೂರನೆಯದರಲ್ಲಿ ಸೋತನಂತೆ. ಮಾಚ ಅಲ್ಲೇ ಕುಸಿದು ಕೂತು ಅತ್ತ. ಆಮೇಲೆ ರುಮಾಲನ್ನು ತನ್ನ ತಲೆಗೇ ಸುತ್ತಿಕೊಂಡು, ರಾಣಿಯನ್ನು ಕಾಣಬೇಕೆಂದ. ಪ್ರಶ್ನೆಗೆ ತಲೆಯೊಡ್ಡದವರಿಗೆ ರಾಣಿಯ ದರ್ಶನವಿರಲಿಲ್ಲ. ಹಾಗಾದರೆ ಅದೂ ಆಗಲಿ ಎಂದ.

ಅವನ ಮುಂದೆ ಇಬ್ಬರಿದ್ದರು. ಮೊದಲಿಗ ಪಂಡಿತ.

"ನನ್ನ ಮಗನ ಹುಬ್ಬಿನ ಮೇಲೆ ಗಾಯದ ಗುರುತಿದೆ. ಒಂದು ಕಾಲಿಗೆ ಆರು ಬೆರಳು. ಯಂತ್ರಕ್ಕೆ ಕಣ್ಣಿಲ್ಲ. ಅವನನ್ನು ಹೇಗೆ ಗುರುತು ಹಿಡಿಯುತ್ತದೆ?" ಎಂದು ರಾಣಿ ಕೇಳಿದಳು.

ಒಳಗೆ ಯಕ್ಷನನ್ನು ಕೂಡಿಹಾಕಿದ್ದಾರೆ ಎಂದ ಪಂಡಿತ. ಅವನನ್ನು ಸೆರೆಗೆ ಎಳೆದೊಯ್ದರು. ಎರಡನೆಯವನು ಸಾಮಂತನ ಮಗ, ಲಂಚ ಕೊಟ್ಟು ಮೊದಲ ಉತ್ತರ ತಿಳಿದು ಬಂದಿದ್ದ. ಅದನ್ನು ರಾಣಿಯ ಕಿವಿಯಲ್ಲಿ ಒಪ್ಪಿಸಿ ಮೀಸೆ ತೀಡಿಕೊಂಡ. ರಾಣಿ ಎರಡನೆಯ ಪ್ರಶ್ನೆ ಕೇಳಿದಳು.

"ಗಂಟೆ ಹೊಡೆದರೆ ಕೋಟೆ ಬಾಗಿಲು ತೆರೆಯುತ್ತೇನೆಂದು ಕಾವಲುಗಾರ ಮಾತು ಕೊಟ್ಟಿದ್ದಾನೆ. ನಿನ್ನೆ ಗಂಟೆ ಹೊಡೆಯಲಿಲ್ಲ, ಆದರೂ ಬಾಗಿಲು ತೆರೆದ. ಅವನು ಮಾತು ತಪ್ಪಿದನೆ?"

ತಪ್ಪಿದ, ಅವನನ್ನು ಶಿಕ್ಷಿಸಬೇಕು ಎಂದ ಸಾಮಂತನ ಮಗ. ಅವನನ್ನೂ ಎಳೆದೊಯ್ದರು.

ಮಾಚನ ಸರದಿ ಬಂತು, ರಾಣಿ ಅದೇ ಮೊದಲ ಪ್ರಶ್ನೆ ಕೇಳಿದಳು. ಅವ್ವನಿಗೆ ಉಳಿದಿದ್ದ ಮಗ ಅವನೊಬ್ಬನೇ. ಆದರೆ ನೀರಿನ ವಿಷಯ ಬಂದದ್ದೇ ಅವನ ನಾಲಗೆ ಸಡಿಲವಾಯಿತು.

"ಅದಕ್ಕೆ ಗುರುತು ಗೊತ್ತಿಲ್ಲ ತಾಯಿ. ಒಂದೇ ಕಾಲುವೇಲಿ ಒಂದರ ಹಿಂದೊಂದು ನೀರು ತಡೆಯೋ ಎರಡು ಹಲಗೆ ಇದ್ರೆ, ಎರಡೂ ಎತ್ತಿದ್ರೇನೇ ನೀರು ಮುಂದಕ್ಕೆ ಹೋಗೋದು. ತಗಡಲ್ಲಿ ಗಾಯದ ತೂತಿದ್ರೆ ಒಂದು ಹಲಗೆ ಏಳುತ್ತೆ, ಬೆರಳಿನ ತೂತಿದ್ರೆ ಇನ್ನೊಂದು. ಎರಡೂ ಎದ್ರೆ ಗಂಟೆ. ನಮ್ಮೂರ ಕಾಲುವೆಗೆ ಎಷ್ಟು ಬುದ್ಧಿ ಇದೆಯೋ ಇದಕ್ಕೂ ಅಷ್ಟೇ."

ಎರಡನೆಯ ಪ್ರಶ್ನೆಗೂ ಮಾಚ ಉತ್ತರಿಸಿದ, ಕಾವಲುಗಾರ ಮಾತು ತಪ್ಪಿಲ್ಲವೆಂದು. ಗಂಟೆ ಹೊಡೆದರೆ ಏನು ಮಾಡುತ್ತೇನೆಂದು ಅವನು ಹೇಳಿದ್ದುಂಟು. ಹೊಡೆಯದಿದ್ದರೆ ಏನೆಂದು ಹೇಳೇ ಇಲ್ಲ.

ರಾಣಿ ಪೀಠದಿಂದ ಇಳಿದು ಬಂದಳು. "ಈ ಗಂಟೆ ಎಂದಾದರೂ ಹೊಡೆಯುತ್ತದೋ, ಇಲ್ಲವೋ?"

ಹೊಡೆಯುತ್ತದೆ ಎಂದವರಿಗೆ ಒಂದು ವರ್ಷ ಗಡುವು ಕೊಟ್ಟು, ಅದು ಮುಗಿದ ದಿನ ಕೊಂದಿದ್ದಳು. ಇಲ್ಲ ಎಂದವರು ಅಂದೇ ಸತ್ತಿದ್ದರು. ಜಕ್ಕ ಇಲ್ಲ ಎಂದಿದ್ದ. ಮಾಚ ಯಂತ್ರಕ್ಕೆ ತಗಡು ಹಾಕುವ ಕಂಡಿಯತ್ತ ಕೈ ತೋರಿದ.

"ಹೊಡೆದ್ರೆ ಹೌದು ಅಂತ ಅವತ್ತೇ ಗೊತ್ತಾಗುತ್ತೆ. ಹೊಡೀದೆ ಇದ್ರೆ ಇಲ್ಲ ಅಂತಲ್ಲ ತಾಯಿ. ನಾಳೆ ಇನ್ನೊಂದು ತಗಡು ಬರುತ್ತೆ, ನಾಡಿದ್ದು ಮತ್ತೊಂದು. ಇದೇ ಕೊನೇದು ಅನ್ನೋ ತಗಡು ಇಲ್ಲವಲ್ಲ. ಇಲ್ಲ ಅನ್ನೋದನ್ನ ಯಂತ್ರ ಯಾವತ್ತೂ ಹೇಳಲಾರದು. ನಾನೂ ಹೇಳಲಾರೆ."

ರಾಣಿಯ ಮುಖ ಬಾಡಿತು. ಸಾಯುವ ಮುಂಚೆ ಶಿಲ್ಪಿಯೂ ಇದನ್ನೇ ಹೇಳಿದ್ದ, ನಂಬಲು ಮನಸ್ಸಾಗಲಿಲ್ಲ ಎಂದಳು. ಆ ಸಂಕಟಕ್ಕೆ ಎಷ್ಟು ತಲೆ ಉರುಳಿದವೆಂದು ಅವಳೂ ಹೇಳಲಿಲ್ಲ, ಮಾಚನೂ ಕೇಳಲಿಲ್ಲ. ಏನು ಬೇಕೋ ಕೇಳು ಎಂದಳು.

ಮಾಚ ರುಮಾಲು ಬಿಚ್ಚಿ ಅವಳ ಕೈಗಿಟ್ಟ.

"ಇದು ನಮ್ಮಣ್ಣಂದು. ನಿಮ್ಮ ಗಂಟೆ ನಾಳೆಯಾದ್ರೂ ಹೊಡೀಬಹುದು ತಾಯಿ. ನಮ್ಮವ್ವನ ಗಂಟೆ ಹೊಡೆಯಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು, ಅವ್ವಂಗೆ ಗೊತ್ತಿಲ್ಲ. ನೀವೇ ಬಂದು ಹೇಳಿ. ನನ್ನ ಕೈಲಾಗಲ್ಲ."

ಅಂದೇ ತಲೆದಂಡ ನಿಂತಿತು, ಸೆರೆಯಲ್ಲಿದ್ದ ಇಬ್ಬರನ್ನೂ ಬಿಟ್ಟರು. ಮಾಚ ಕೇಳದಿದ್ದರೂ ಕೆರೆಯ ಕೆಳಗಿನ ಗದ್ದೆಯನ್ನು ರಾಣಿ ಅವನ ಹೆಸರಿಗೆ ಶಾಸನ ಮಾಡಿಸಿದಳು. ಆಮೇಲೆ ಒಡವೆ ತೆಗೆದಿಟ್ಟು ಅವನ ಜೊತೆ ನಡೆದೇ ಹೋದಳು.

ಬಂದವಳು ಯಾರೆಂದು ದೇಕವ್ವನಿಗೆ ತಿಳಿಯಲಿಲ್ಲ. ಬಿಸಿಲಲ್ಲಿ ನಡೆದು ಬಂದ ಹೆಂಗಸು, ಅತ್ತ ಕಣ್ಣು. ಮುಚ್ಚಿಟ್ಟಿದ್ದ ಜಕ್ಕನ ತಟ್ಟೆ ತಂದು ಮುಂದಿಟ್ಟಳು.

"ಉಣ್ಣವ್ವ, ಆರೋಗುತ್ತೆ. ನನ್ನ ದೊಡ್ಡ ಮಗಂದು. ಅವನು ನಾಳೆ ಬರ್ತಾನೆ."

ರಾಣಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ರುಮಾಲನ್ನು ಅವಳ ಮಡಿಲಲ್ಲಿಟ್ಟು, ಹೇಳಬೇಕಾದ್ದನ್ನು ಹೇಳಿದಳು.

ಮರುದಿನ ಅರಮನೆಯಲ್ಲಿ ಎಂದಿನಂತೆ ಹೊಸ ತಗಡು ಹಾಕಿದರು. ದೇಕವ್ವ ಎರಡೇ ತಟ್ಟೆ ಇಟ್ಟಳು.