ಚಗಳಿಗಳ ಹತ್ತನೆಯ ಗೂಡು

ಮಾವಿನ ಮರದ ಚಗಳಿ ಇರುವೆಗಳಿಗೆ ಸಂಭ್ರಮವೋ ಸಂಭ್ರಮ! ಎಲೆ ಹೊಲಿದು ಕಟ್ಟುವ ಅವುಗಳ ಗೂಡುಗಳು ಒಂದೇ ತಿಂಗಳಲ್ಲಿ ಮೂರರಿಂದ ಒಂಬತ್ತಾಗಿದ್ದವು. ಅವು ಸಾಕಿದ ಹಿಟ್ಟುತಿಗಣೆಗಳು ಮರದ ರಸ ಹೀರಿ ಅವಕ್ಕೆ ಸಿಹಿಹನಿ ಕೊಡುತ್ತಿದ್ದವು.

"ತಿಗಣೆ ಹೆಚ್ಚಿದರೆ ಸಿಹಿ ಹೆಚ್ಚು, ಸಿಹಿ ಹೆಚ್ಚಿದರೆ ಗೂಡು ಹೆಚ್ಚು! ನಡೆಯಿರಿ, ರಾಣಿಯ ಕೊಂಬೆಗೂ ತಿಗಣೆ ಹೊರೋಣ!" ಎಂದು ಮುಂದಾಳು ಕೆಂಚಿ ಕೂಗಿದಳು.

ರಾಣಿಯ ಗೂಡಿನ ಎಲೆ ಹೇಳಿತು: "ಕೆಂಚಮ್ಮ, ನಿಮ್ಮ ಗೋಡೆಯೇ ನಾನು. ನನಗೂ ಒಂದಿಷ್ಟು ರಸ ಉಳಿಸಿ."

"ನಿಂತಲ್ಲೇ ನಿಂತವನಿಗೆ ಬೆಳೆಯುವವರ ಅವಸರ ಏನು ಗೊತ್ತು?" ಎಂದು ಕೆಂಚಿ ನಕ್ಕಳು.

ತಿಗಣೆಗಳು ಬಂದ ಮೂರನೆಯ ದಿನ ಎಲೆ ಬಾಡಿತು. ಐದನೆಯ ದಿನ ಅಂಚು ಮುರುಟಿ ಹೊಲಿಗೆ ಬಿಚ್ಚಿಕೊಂಡಿತು. ರಾಣಿಯ ಮೊಟ್ಟೆಗಳು ಬಿಸಿಲಿಗೆ ಬಿದ್ದವು! ಕೆಂಚಿ ಓಡಿಬಂದು ಎರಡು ಅಂಚುಗಳನ್ನೂ ಸೇರಿಸಿ ಕಚ್ಚಿ ಹಿಡಿದಳು. ಈಗ ಅಪ್ಪಣೆ ಕೊಡಲು ಬಾಯಿ ತೆರೆದರೆ ಗೂಡು ಒಡೆಯುತ್ತಿತ್ತು.

"ಸದ್ಯ, ಇವಳ ಬಾಯಿಗೆ ಕೆಲಸ ಸಿಕ್ಕಿತು," ಎಂದಿತು ಒಂದು ಮುದಿ ಇರುವೆ. "ಈ ಕೊಂಬೆಯ ತಿಗಣೆಗಳನ್ನೆಲ್ಲ ಬೇರೆ ಕೊಂಬೆಗಳಿಗೆ ಹಂಚಿ! ಬೇಗ!"

ಸಾಲು ಸಾಲಾಗಿ ಇರುವೆಗಳು ತಿಗಣೆಗಳನ್ನು ಹೊತ್ತೊಯ್ದವು. ಎರಡು ದಿನ ಕೆಂಚಿ ಕಚ್ಚಿದ ಹಿಡಿತ ಬಿಡಲಿಲ್ಲ. ಮೂರನೆಯ ಬೆಳಗ್ಗೆ ಎಲೆಗೆ ಬಿಗಿ ಬಂತು, ಹೊಲಿಗೆ ಕೂಡಿತು.

"ಕೆಂಚಕ್ಕಾ, ಹತ್ತನೆಯ ಗೂಡು ಎಲ್ಲಿ ಕಟ್ಟೋಣ?" ಇರುವೆಗಳು ಆಗಲೇ ಕುಣಿಯುತ್ತಿದ್ದವು.

ಕೆಂಚಿ ಕೊನೆಗೂ ಬಾಯಿ ತೆರೆದಳು. "ಎಲೆಯಣ್ಣಾ, ಪಕ್ಕದ ಕೊಂಬೆ ಎಷ್ಟು ತಿಗಣೆ ತಾಳುತ್ತದೆ?"