ಎದುರಿಗೆ ಬರುವ ವಿಮಾನ

ಊರಾಚೆಯ ಬತ್ತಿದ ಕೆರೆಯಂಗಳದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು-ಹನ್ನೆರಡು ಜನ ಸೇರಿ ಪುಟ್ಟ ವಿಮಾನಗಳನ್ನು ಹಾರಿಸುತ್ತಾರೆ. ಆಟಿಕೆ ಅಂದರೆ ಅವರಿಗೆ ಮೂಗಿನ ತುದಿಗೆ ಕೋಪ ಬರುತ್ತದೆ. ಮಾದರಿ ವಿಮಾನ ಅನ್ನಬೇಕು.

ಆ ಕ್ಲಬ್ಬಿಗೆ ಗುರು ಮೌನೇಶ ಮೇಷ್ಟ್ರು. ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು. ತಾಳ್ಮೆಗೆ ಹೆಸರಾಗಿದ್ದರು, ಕೊಟ್ರಪ್ಪ ಶಿಷ್ಯನಾಗಿ ಬರುವವರೆಗೆ.

ಕೊಟ್ರಪ್ಪನದು ಡ್ರೈವಿಂಗ್ ಸ್ಕೂಲು. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಎಡ-ಬಲ ಹೇಳಿಕೊಟ್ಟವನು. ವಿಮಾನ ಹಾರಿಸಬೇಕೆಂಬುದು ಅವನ ಚಡ್ಡಿ ಕಾಲದ ಆಸೆ.

ಸೇರಿದ ದಿನವೇ ಅವನು ಸ್ಕೆಚ್ ಪೆನ್ನು ತೆಗೆದು ಒಂದು ಅಂಗೈ ಹಿಂದೆ 'ಎಡ', ಇನ್ನೊಂದರ ಹಿಂದೆ 'ಬಲ' ಎಂದು ಬರೆದುಕೊಂಡ. ಮೇಷ್ಟ್ರು ಪಕ್ಕದಲ್ಲಿ ನಿಂತು ಏನೋ ಹೇಳುತ್ತಿದ್ದರು. ಕೊಟ್ರಪ್ಪ ತಲೆಯಾಡಿಸುತ್ತ ಅಕ್ಷರ ತಿದ್ದುತ್ತಿದ್ದ.

ವಿಮಾನ ದೂರ ಹೋಗುವಾಗ ಎಲ್ಲ ಸರಿಯಿತ್ತು. ರಿಮೋಟಿನ ಕಡ್ಡಿ ಎಡಕ್ಕೆ ತಳ್ಳಿದರೆ ಎಡಕ್ಕೆ ವಾಲುತ್ತಿತ್ತು, ಬಲಕ್ಕೆ ತಳ್ಳಿದರೆ ಬಲಕ್ಕೆ. ಅದು ತಿರುಗಿ ಎದುರಿಗೆ ಬರುವಾಗ ಮಾತ್ರ ಗ್ರಹಚಾರ ಶುರುವಾಗುತ್ತಿತ್ತು. ಆಗ ವಿಮಾನದ ಎಡ ಕೊಟ್ರಪ್ಪನ ಬಲ.

"ಎಡಕ್ಕೆ!" ಎಂದರು ಮೇಷ್ಟ್ರು.

"ಯಾರ ಎಡಕ್ಕೆ ಮೇಷ್ಟ್ರೇ? ನಂದೋ, ಅದರದೋ?"

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ವಿಮಾನ ಜಾಲಿಗಿಡದಲ್ಲಿತ್ತು.

ಕೊಟ್ರಪ್ಪ ಸೋಲೊಪ್ಪುವವನಲ್ಲ. ಮುಂದಿನ ವಾರ 'ಬರುವಾಗ ಉಲ್ಟಾ' ಎಂದು ಮಣಿಕಟ್ಟಿನ ಮೇಲೂ ಬರೆದುಕೊಂಡು ಬಂದ. ಅದರ ಮುಂದಿನ ವಾರ ವಿಮಾನಕ್ಕೆ ಬೆನ್ನು ಕೊಟ್ಟು, ಕತ್ತು ತಿರುಗಿಸಿ ಹಾರಿಸಿದ. ವಿಮಾನ ಉಳಿಯಿತು, ಕತ್ತು ಹಿಡಿದುಕೊಂಡಿತು. ಮೂರು ದಿನ ಅವನ ಡ್ರೈವಿಂಗ್ ಸ್ಕೂಲಿಗೆ ಬೀಗ.

"ನಿನ್ನ ಹತ್ರ ಕಲಿಯೋಕೆ ಬರೋರಿಗೆ ಹೆಂಗೆ ಹೇಳ್ಕೊಡ್ತೀಯಪ್ಪ?" ಎಂದು ಕೇಳಿದರು ಮೇಷ್ಟ್ರು.

"ಎಡ ಅಂದ್ರೆ ಎಡ ಕಣ್ರೀ ಅಂತ ಕಿರುಚ್ತೀನಿ."

"ಕಲೀತಾರಾ?"

"ಕೆಲವರು ಅಳ್ತಾರೆ."

ಮೇಷ್ಟ್ರು ಹಣೆ ಹಿಡಿದುಕೊಂಡರು. ಅವರಿಗೂ ಅಳು ಬರುವಂತಿತ್ತು.

ಅವನು ಸೇರಿದ ಎಂಟನೆಯ ತಿಂಗಳಲ್ಲಿ ಎರಡನೆಯ ವಿಮಾನವೂ ಹೋಯಿತು. ಎದುರಿಗೆ ಬರುತ್ತಿತ್ತು. ಕೊಟ್ರಪ್ಪ ಕೈ ನೋಡಿಕೊಂಡ, ಮಣಿಕಟ್ಟು ನೋಡಿಕೊಂಡ, ಲೆಕ್ಕ ಹಾಕಿದ. ಲೆಕ್ಕ ಮುಗಿದು ತಲೆಯೆತ್ತಿದಾಗ ವಿಮಾನ ಕ್ಲಬ್ಬಿನ ಕಾರ್ಯದರ್ಶಿಯ ಸ್ಕೂಟರ್ ಸೀಟು ಹರಿದುಕೊಂಡು ಒಳಗೆ ಕೂತಿತ್ತು.

ಕಾರ್ಯದರ್ಶಿ ಸ್ವಲ್ಪ ಮೊದಲು ಅದೇ ಸೀಟಿನ ಮೇಲೆ ಕೂತು ಟೀ ಕುಡಿದಿದ್ದರು. ಕ್ಲಬ್ಬಿನವರು ಅಲ್ಲೇ ನಿಂತು ತೀರ್ಮಾನ ಮಾಡಿದರು. ಬರುವ ಭಾನುವಾರ ಕೊಟ್ರಪ್ಪ ಎಲ್ಲರ ಎದುರು ಒಬ್ಬನೇ ವಿಮಾನ ಏರಿಸಿ ಇಳಿಸಬೇಕು. ಆಗದಿದ್ದರೆ ಇನ್ನು ಮೇಲೆ ರಿಮೋಟು ಮುಟ್ಟುವಂತಿಲ್ಲ, ಬೇಕಾದರೆ ಬಂದು ನೋಡಿಕೊಂಡು ಹೋಗಬಹುದು.

ಕೊಟ್ರಪ್ಪನ ಮುಖ ಸಣ್ಣದಾಯಿತು.

"ನೋಡ್ಕೊಂಡು ಹೋಗೋಕೆ ನಾನ್ಯಾಕೆ ಬರ್ಲಿ ಮೇಷ್ಟ್ರೇ? ಹಾರಿಸೋಕೆ ವಿಮಾನಾನೂ ಇಲ್ಲ. ಬಿಡ್ರಿ, ನನ್ನ ಹಣೇಲಿ ಬರೆದಿಲ್ಲ."

"ಹಣೆ ಒಂದು ಬಾಕಿ ಐತೆ. ಮಿಕ್ಕಿದ್ದೆಲ್ಲ ಬರ್ಕೊಂಡಿದ್ದೀಯ," ಎಂದರು ಮೇಷ್ಟ್ರು.

ಭಾನುವಾರ ಅವರು ತಮ್ಮ ಗುಬ್ಬಿಯನ್ನೇ ತಂದರು. ಇಪ್ಪತ್ತೆರಡು ವರ್ಷದ ಹಿಂದೆ ತಮ್ಮ ಕೈಯಾರೆ ಕೆತ್ತಿ, ಅಂಟಿಸಿ, ಉಜ್ಜಿ ಮಾಡಿದ ವಿಮಾನ. ಅದನ್ನು ಇದುವರೆಗೆ ಯಾರ ಕೈಗೂ ಕೊಟ್ಟವರಲ್ಲ.

"ಬೇಡ," ಎಂದ ಕೊಟ್ರಪ್ಪ. "ಇದನ್ನೂ ಒಡೆದ್ರೆ ನಿಮ್ಮ ಮುಖ ನೋಡೋಕಾಗಲ್ಲ."

"ಕೈ ತೊಳ್ಕೊಂಡು ಬಾ."

"ತೊಳೆದ್ರೆ ಅಕ್ಷರ ಹೋಗ್ತಾವಲ್ರೀ!"

"ಹೋಗ್ಲಿ ಅಂತಲೇ ಹೇಳಿದ್ದು ಮಾರಾಯ. ಸೋಪು ಹಾಕಿ ತೊಳಿ."

ಕೊಟ್ರಪ್ಪ ಗೊಣಗುತ್ತ ತೊಳೆದು ಬಂದ. ಮೇಷ್ಟ್ರು ಒಂದು ಡಬ್ಬಿಯ ಮೇಲೆ ಗುಬ್ಬಿಯನ್ನು ಅವನಿಗೆ ಮುಖ ಮಾಡಿ ನಿಲ್ಲಿಸಿದರು. ನಿಲ್ಲಿಸಿದವರೇ ಒಂದು ರೆಕ್ಕೆಯನ್ನು ತಟ್ಟನೆ ಕೆಳಕ್ಕೆ ಒತ್ತಿಬಿಟ್ಟರು.

"ಅಯ್ಯೋ!" ಎಂದು ಕೊಟ್ರಪ್ಪ ಬೀಳುವ ರೆಕ್ಕೆಗೆ ಆಸರೆಯಾಗಿ ಕೈ ಕೊಟ್ಟ.

ಮೇಷ್ಟ್ರು ಇನ್ನೊಂದು ರೆಕ್ಕೆ ಒತ್ತಿದರು. ಅದಕ್ಕೂ ಕೈ ಕೊಟ್ಟ. ಐದು ಸಲ, ಆರು ಸಲ ಒತ್ತಿದರು. ಒಂದು ಸಲವೂ ಅವನು ತಪ್ಪಲಿಲ್ಲ.

"ಈಗ ಕೊಟ್ಟಿದ್ದು ಎಡಗೈಯೋ, ಬಲಗೈಯೋ?"

"ಅದನ್ನ ಯಾರು ನೋಡಿದ್ರು ಮೇಷ್ಟ್ರೇ? ರೆಕ್ಕೆ ಬೀಳ್ತಿತ್ತು, ಕೈ ಕೊಟ್ಟೆ."

ಮೇಷ್ಟ್ರು ರಿಮೋಟನ್ನು ಅವನ ಕೈಗಿಟ್ಟರು.

"ಎದುರಿಗೆ ಬರುವಾಗ ಕಡ್ಡಿಯೇ ನಿನ್ನ ಕೈ."

ಅಷ್ಟೇ ಹೇಳಿ ದೂರ ಹೋಗಿ ಕಲ್ಲಿನ ಮೇಲೆ ಕೂತರು.

ಗುಬ್ಬಿ ಏರಿತು. ಕೆರೆಯ ಆಚೆ ದಡದವರೆಗೆ ಹೋಗಿ ತಿರುಗಿತು. ಕೊಟ್ರಪ್ಪ ರೂಢಿಯಂತೆ ಕೈ ನೋಡಿಕೊಂಡ. ಕೈಯಲ್ಲಿ ಏನೂ ಇರಲಿಲ್ಲ. ಬೇರೆ ದಾರಿಯಿಲ್ಲದೆ ವಿಮಾನ ನೋಡಿದ.

ಗಾಳಿ ಬೀಸಿ ಒಂದು ರೆಕ್ಕೆ ಬಾಗಿತು. ಕಾರ್ಯದರ್ಶಿ ಸ್ಕೂಟರನ್ನು ತಳ್ಳಿಕೊಂಡು ಓಡಿದರು. ಕೊಟ್ರಪ್ಪನ ಬೆರಳು ಬಾಗಿದ ಕಡೆಗೇ ಕಡ್ಡಿ ತಳ್ಳಿತು. ರೆಕ್ಕೆ ಎದ್ದಿತು. ಇನ್ನೊಂದು ಬಾಗಿತು. ಬೆರಳು ಆ ಕಡೆ ಹೋಯಿತು. ಅದೂ ಎದ್ದಿತು.

ಗುಬ್ಬಿ ಎರಡು ಸಲ ಕುಪ್ಪಳಿಸಿ ನೆಲಕ್ಕಿಳಿದು, ಧೂಳೆಬ್ಬಿಸಿ, ಅವನ ಕಾಲ ಬಳಿ ನಿಂತಿತು. ಒಂದು ಗೀರೂ ಆಗಿರಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಕೊಟ್ರಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತು ಗುಬ್ಬಿಯ ಬೆನ್ನು ಸವರಿದ. ಕಣ್ಣೊರೆಸಿಕೊಂಡ. ಆಮೇಲೆ ಅವನಿಗೆ ಎಂಟು ತಿಂಗಳು ನೆನಪಾಯಿತು, ಜಾಲಿಗಿಡ ನೆನಪಾಯಿತು, ಹಿಡಿದುಕೊಂಡ ಕತ್ತು ನೆನಪಾಯಿತು. ಸಿಟ್ಟು ನೆತ್ತಿಗೇರಿತು. ಗುಬ್ಬಿಯನ್ನು ಎತ್ತಿಕೊಂಡು ಕಲ್ಲಿನ ಹತ್ತಿರ ಹೋದ.

"ಅಲ್ಲ ಮೇಷ್ಟ್ರೇ, ಬಾಗಿದ ರೆಕ್ಕೆಗೆ ಕೈ ಕೊಡು ಅನ್ನೋದು ಒಂದು ಮಾತು. ಎರಡು ವಿಮಾನ ಪುಡಿಯಾದವು, ಊರೆಲ್ಲ ನಕ್ಕಿತು. ಈ ಒಂದು ಮಾತನ್ನ ಬಂದ ದಿನವೇ ಹೇಳೋಕೆ ನಿಮಗೆ ಏನಾಗಿತ್ತು?"

ಮೇಷ್ಟ್ರು ಗುಬ್ಬಿಯನ್ನು ಈಸಿಕೊಂಡು ಧೂಳು ಒರೆಸಿದರು.

"ಬಂದ ದಿನವೇ ಹೇಳಿದ್ದೆ, ಕೊಟ್ರಪ್ಪ. ನೀನು ಆಗ ನಿನ್ನ ಕೈ ನೋಡ್ಕೊಳ್ತಾ ಇದ್ದೆ."